ವಿದ್ಯಾರ್ಥಿವೇತನ ಪರೀಕ್ಷೆ: ಏಳನೆಯ ತರಗತಿಯವರು ಈಗಲೇ ತಿಳಿಯಬೇಕಾದ ಸಂಗತಿಗಳು



ಕಳೆದ ಸಂಚಿಕೆಯಲ್ಲಿ ನಾನು ಜೇನುಹುಳುವಿನ ಬಗ್ಗೆ ಬರೆದಿದ್ದೆ. ಅದನ್ನು ಪುಸ್ತಕ ನೋಡಿ ಇಳಿಸಿದ್ದೇನೆ ಅಂತ ಮೇಷ್ಟ್ರಿಗೆ ಗೊತ್ತಾಗಿಬಿಟ್ಟಿತು. ಈ ಸಲ "ನಿನಗೆ ಚೆನ್ನಾಗಿ ಗೊತ್ತಿರೋದನ್ನ ಬರಿಯಮ್ಮ, ಬೇರೆಯವರಿಗೆ ಗೊತ್ತಿರೋದನ್ನಲ್ಲ" ಅಂದರು. ನನಗೆ ಚೆನ್ನಾಗಿ ಗೊತ್ತಿರುವುದು ಯಾವುದು ಎಂದು ಎರಡು ದಿನ ಯೋಚಿಸಿದೆ. ನಮ್ಮ ಮನೆಯಲ್ಲಿ ಮೂರು ನಾಲ್ಕು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಬರುವ ಮಾತು ಒಂದಿದೆ. ಅದು ಅಕ್ಕನ ವಿದ್ಯಾರ್ಥಿವೇತನದ ಮಾತು. ಅದನ್ನೇ ಬರೆಯುತ್ತಿದ್ದೇನೆ. ಬರೆಯುತ್ತಾ ಹೋದ ಹಾಗೆ ಮೂರು ಹಾಳೆ ಆಯಿತು. ಮೂರನೆಯ ಹಾಳೆಯನ್ನು ಕೆಳಗಡೆ ಅಂಟಿಸಿದ್ದೇವೆ, ಕುಕ್ಕರಗಾಲಲ್ಲಿ ಕೂತು ಓದಬೇಕು, ಕ್ಷಮಿಸಿ.

ಹೋದ ಶನಿವಾರ ಮೇಷ್ಟ್ರು ನಮ್ಮ ತರಗತಿಯಲ್ಲಿ, "ಬರೋ ವರ್ಷ ಎಂಟನೇ ಕ್ಲಾಸಿಗೆ ಹೋದ ಮೇಲೆ ಎನ್.ಎಂ.ಎಂ.ಎಸ್. ಪರೀಕ್ಷೆ ಯಾರ್ಯಾರು ಬರೀತೀರಿ, ಕೈ ಎತ್ತಿ" ಎಂದು ಕೇಳಿದರು. 22 ಜನರಲ್ಲಿ 4 ಕೈ ಮಾತ್ರ ಮೇಲೆ ಬಂದವು. ನನ್ನ ಪಕ್ಕದವಳು "ಅದು ಬುದ್ಧಿವಂತರಿಗೆ ಕಣೇ" ಅಂದಳು. ಹಿಂದಿನ ಬೆಂಚಿನಿಂದ ಒಬ್ಬ "ನಮ್ಮಪ್ಪ ದುಡ್ಡು ಕಟ್ಟಲ್ಲ" ಅಂದ. ಇನ್ನೊಬ್ಬ ಅದು ಏನು ಪರೀಕ್ಷೆ ಅಂತಲೇ ಕೇಳಿದ. ಈ ಮೂವರಿಗೂ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಎನ್.ಎಂ.ಎಂ.ಎಸ್. ಎಂದರೆ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್. ಮೀನ್ಸ್ ಎಂದರೆ ಮನೆಯ ಅನುಕೂಲ, ಮೆರಿಟ್ ಎಂದರೆ ಪ್ರತಿಭೆ. ಮನೆಯಲ್ಲಿ ಅನುಕೂಲ ಕಡಿಮೆ ಇದ್ದು ಓದಿನಲ್ಲಿ ಚುರುಕಾಗಿರುವ ಮಕ್ಕಳು ಎಂಟನೆಯ ತರಗತಿಗೇ ಶಾಲೆ ಬಿಟ್ಟುಬಿಡಬಾರದು ಎಂದು ಕೇಂದ್ರ ಸರ್ಕಾರ 2008ರಲ್ಲಿ ಇದನ್ನು ಆರಂಭಿಸಿತು. ಇಡೀ ದೇಶದಲ್ಲಿ ವರ್ಷಕ್ಕೆ 1 ಲಕ್ಷ ಹೊಸ ಮಕ್ಕಳಿಗೆ ಕೊಡುತ್ತಾರೆ. ಅದರಲ್ಲಿ ಕರ್ನಾಟಕದ ಪಾಲು 5,534. ಪರೀಕ್ಷೆ ಬರೆಯುವುದು 8ನೆಯ ತರಗತಿಯಲ್ಲಿ, ಹಣ ಬರುವುದು 9ನೆಯ ತರಗತಿಯಿಂದ 12ನೆಯ ತರಗತಿಯವರೆಗೆ, ಅಂದರೆ ಎರಡನೇ ಪಿ.ಯು.ಸಿ. ಮುಗಿಯುವ ತನಕ. ಮೊದಲು ವರ್ಷಕ್ಕೆ 6,000 ರೂಪಾಯಿ ಇತ್ತು. 2017ರಿಂದ 12,000 ಆಗಿದೆ. ತಿಂಗಳಿಗೆ 1,000 ಲೆಕ್ಕ. ನಾಲ್ಕು ವರ್ಷಕ್ಕೆ ಒಟ್ಟು 48,000 ರೂಪಾಯಿ. ಈ 48,000 ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಯಾರು ಬರೆಯಬಹುದು? ಸರ್ಕಾರಿ ಶಾಲೆ, ಅನುದಾನಿತ ಶಾಲೆ, ಸ್ಥಳೀಯ ಸಂಸ್ಥೆಗಳ ಶಾಲೆ, ಇವುಗಳಲ್ಲಿ 8ನೆಯ ತರಗತಿ ಓದುವವರು ಬರೆಯಬಹುದು. ತಂದೆ ತಾಯಿಯ ಎಲ್ಲಾ ಆದಾಯ ಸೇರಿ ವರ್ಷಕ್ಕೆ 3 ಲಕ್ಷ 50 ಸಾವಿರ ಮೀರಿರಬಾರದು. ನಮ್ಮೂರಿನಲ್ಲಿ ಮೀರುವವರು ಎಷ್ಟು ಮಂದಿ ಇದ್ದಾರೋ ನೀವೇ ಎಣಿಸಿ, ನಾನು ಎಣಿಸಿದಾಗ ಒಂದು ಕೈಯ ಬೆರಳು ಸಾಕಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಶಾಲೆ 7ಕ್ಕೆ ಮುಗಿಯುತ್ತದೆ. ಏಪ್ರಿಲ್ ಆದ ಮೇಲೆ ನಾವೆಲ್ಲ ಬೇರೆ ಬೇರೆ ಕಡೆ ಹೋಗುತ್ತೇವೆ. ಕೆಲವರು ಹೋಬಳಿಯ ಸರ್ಕಾರಿ ಹೈಸ್ಕೂಲಿಗೆ, ಕೆಲವರು ಪೇಟೆಯ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ, ಕೆಲವರು ಸರ್ಕಾರಿ ವಸತಿ ಶಾಲೆಗೆ. ಖಾಸಗಿ ಶಾಲೆಗೆ ಸೇರಿದವರಿಗೆ ಈ ವಿದ್ಯಾರ್ಥಿವೇತನ ಇಲ್ಲ. ನವೋದಯ, ಕೇಂದ್ರೀಯ ವಿದ್ಯಾಲಯ, ಮತ್ತು ಊಟ ವಸತಿ ಎಲ್ಲಾ ಸರ್ಕಾರವೇ ಕೊಡುವ ವಸತಿ ಶಾಲೆಯವರಿಗೂ ಇಲ್ಲ. ಖಾಸಗಿ ಶಾಲೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ, ಅದು ಅವರವರ ಮನೆಯ ವಿಚಾರ. ಆದರೆ ಸೇರುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ತರಗತಿಯ ಮೊದಲನೆಯ ಸ್ಥಾನದವಳಿಗೆ ಇದು ಗೊತ್ತಿರಲಿಲ್ಲ. ನಾನು ಹೇಳಿದಾಗ ಅವಳ ಮುಖ ಸಣ್ಣದಾಯಿತು.

ಈಗ ಮುಖ್ಯ ವಿಷಯ. ಪರೀಕ್ಷೆ ಬರೆಯುವುದು ಎಂಟರಲ್ಲಿ ಆದರೂ ಅರ್ಹತೆ ನೋಡುವುದು ಏಳನೆಯ ತರಗತಿಯ ಅಂಕವನ್ನು. 7ನೆಯ ತರಗತಿಯಲ್ಲಿ ಶೇಕಡಾ 55 ಬಂದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇಕಡಾ 50 ಸಾಕು. ಅಂದರೆ ನಾವು ಈಗ ಕೂತಿರುವ ಈ ಬೆಂಚಿನಲ್ಲೇ ಅರ್ಧ ಪರೀಕ್ಷೆ ನಡೆಯುತ್ತಿದೆ. "ಏಳನೇ ಕ್ಲಾಸಲ್ಲಿ ಯಾರೂ ಫೇಲ್ ಮಾಡಲ್ಲ ಬಿಡು" ಅಂತ ಆಟ ಆಡಿಕೊಂಡಿರುವವರು ಇದನ್ನು ಎರಡು ಸಲ ಓದಿ. ಇನ್ನೊಂದು ವಿಷಯ, ಪರೀಕ್ಷೆಯಲ್ಲಿ 7 ಮತ್ತು 8ನೆಯ ತರಗತಿ ಎರಡರ ಪಾಠಗಳೂ ಬರುತ್ತವೆ. ಆದ್ದರಿಂದ ಏಪ್ರಿಲ್‌ನಲ್ಲಿ ವಿಜ್ಞಾನ, ಸಮಾಜ, ಗಣಿತ ಪುಸ್ತಕಗಳನ್ನು ಹಳೇ ಪೇಪರ್ ಅಂಗಡಿಗೆ ಹಾಕಬೇಡಿ. ನಮ್ಮ ಅಕ್ಕ ಹಾಕಿದ್ದಳು. ಒಂದು ಕೆ.ಜಿ.ಗೆ ಎಷ್ಟೋ ಬಂತು, ಅದರಲ್ಲಿ ಐಸ್ ಕ್ಯಾಂಡಿ ತಿಂದೆವು, ಆಮೇಲೆ ಅದೇ ಪುಸ್ತಕಕ್ಕಾಗಿ ಮೂರು ಮನೆ ತಿರುಗಿದಳು.

ಇದಕ್ಕೆ ಅಪ್ಪ ದುಡ್ಡು ಕಟ್ಟಲ್ಲ ಅನ್ನುವ ಭಯ ಬೇಡ, ಇಲ್ಲಿ ಖರ್ಚು ಇರುವುದು ಕಾಗದ ಪತ್ರ ಮಾಡಿಸಲು ಓಡಾಡುವುದಕ್ಕೆ ಮಾತ್ರ. ನಾವೇ ಹೋಗಿ ಎಲ್ಲೋ ಅರ್ಜಿ ಹಾಕುವಂತೆಯೂ ಇಲ್ಲ. ನಾವು ಓದುವ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮೂಲಕವೇ ಅರ್ಜಿ ಹೋಗಬೇಕು. ನಮ್ಮ ರಾಜ್ಯದಲ್ಲಿ ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಕನ್ನಡದಲ್ಲೇ ಬರೆಯಬಹುದು.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯ ಪರೀಕ್ಷೆ, ಇದನ್ನು ಎಲ್ಲರೂ ಮ್ಯಾಟ್ ಅನ್ನುತ್ತಾರೆ. ಇನ್ನೊಂದು ವ್ಯಾಸಂಗಿಕ ಪ್ರವೃತ್ತಿ ಪರೀಕ್ಷೆ, ಇದು ಸ್ಯಾಟ್. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಸ್ಯಾಟ್‌ನಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20. ಎರಡೂ ಸೇರಿ 180 ಅಂಕಕ್ಕೆ ಶೇಕಡಾ 40, ಅಂದರೆ 72 ಅಂಕ ಬಂದರೆ ಪಾಸು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 32. ಆದರೆ ಪಾಸಾದವರೆಲ್ಲರಿಗೂ ಹಣ ಬರುವುದಿಲ್ಲ. ಪಾಸಾದವರಲ್ಲಿ ಹೆಚ್ಚು ಅಂಕ ಬಂದವರಿಂದ ಶುರು ಮಾಡಿ ಪಾಲು ಮುಗಿಯುವವರೆಗೆ ಪಟ್ಟಿ ಮಾಡುತ್ತಾರೆ. ಇದನ್ನು ತಿಳಿಯದೆ ಅಕ್ಕನ ಗೆಳತಿಯೊಬ್ಬಳು 74 ಬಂತು ಎಂದು ಊರಿಗೆಲ್ಲ ಸಕ್ಕರೆ ಹಂಚಿದ್ದಳು, ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಮ್ಯಾಟ್ ಎಂದರೆ ಹೆದರುವವರೇ ಹೆಚ್ಚು, ಯಾಕೆಂದರೆ ಅದಕ್ಕೆ ಪಠ್ಯಪುಸ್ತಕ ಇಲ್ಲ. ನನಗೆ ಅದೇ ಇಷ್ಟ. ಕೆಲವು ಮಾದರಿ ನೋಡೋಣ.

3, 5, 9, 17, 33, ? ಇಲ್ಲಿ ಮುಂದಿನ ಸಂಖ್ಯೆ ಯಾವುದು? ನೋಡಿದ ಕೂಡಲೇ ಉತ್ತರ ಹುಡುಕಬೇಡಿ, ಎರಡೆರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಬರೆಯಿರಿ. 2, 4, 8, 16. ಪ್ರತಿ ಸಲ ಎರಡರಷ್ಟಾಗುತ್ತಿದೆ. ಮುಂದಿನದು 32. ಆದ್ದರಿಂದ 33 ಕ್ಕೆ 32 ಕೂಡಿದರೆ 65.

ಗಡಿಯಾರದಲ್ಲಿ 3 ಗಂಟೆ 20 ನಿಮಿಷ. ಕನ್ನಡಿಯಲ್ಲಿ ನೋಡಿದರೆ ಎಷ್ಟು ಗಂಟೆ ಕಾಣುತ್ತದೆ? ಇದಕ್ಕೆ ಸುಲಭ ಉಪಾಯ ಇದೆ. 12 ಗಂಟೆಯನ್ನು 11 ಗಂಟೆ 60 ನಿಮಿಷ ಎಂದುಕೊಂಡು ಅದರಲ್ಲಿ ಕಳೆಯಬೇಕು. 8 ಗಂಟೆ 40 ನಿಮಿಷ ಬರುತ್ತದೆ. ನಂಬಿಕೆ ಬರದಿದ್ದರೆ ಆಫೀಸು ರೂಮಿನ ಗಡಿಯಾರದ ಎದುರು ಕನ್ನಡಿ ಹಿಡಿದು ನೋಡಿ. ನಾವು ಹಿಡಿದಿದ್ದೆವು. ಹೆಡ್ ಮೇಷ್ಟ್ರು ಏನು ಮಾಡ್ತಾ ಇದ್ದೀರಿ ಅಂದರು, ಹೇಳಿದ ಮೇಲೆ ಅವರೂ ಹಿಡಿದು ನೋಡಿದರು.

ಸಂಬಂಧದ ಲೆಕ್ಕ ಒಂದು ಇದೆ. ಒಬ್ಬ ಹುಡುಗನನ್ನು ತೋರಿಸಿ ಒಬ್ಬ ಹುಡುಗಿ "ಇವನು ನಮ್ಮ ತಾತನ ಒಬ್ಬನೇ ಮಗನ ಮಗ" ಅಂದರೆ ಅವನು ಅವಳಿಗೆ ಏನಾಗಬೇಕು? ಅಕ್ಕನ ಪುಸ್ತಕದಲ್ಲಿ ಉತ್ತರ ಅಣ್ಣ ಅಥವಾ ತಮ್ಮ ಎಂದಿದೆ. ಆದರೆ ನಮ್ಮ ತರಗತಿಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. ತಾತ ಎಂದರೆ ಅಪ್ಪನ ಅಪ್ಪನೂ ಆಗಬಹುದು, ಅವ್ವನ ಅಪ್ಪನೂ ಆಗಬಹುದು. ಅವ್ವನ ಅಪ್ಪ ಆದರೆ ಆ ಹುಡುಗ ಸೋದರಮಾವನ ಮಗ ಆಗುತ್ತಾನೆ! ಮೇಷ್ಟ್ರು ಕೇಳಿ ನಕ್ಕು, "ನೀವು ಹೇಳೋದೇ ಸರಿ, ತಂದೆಯ ತಂದೆ ಅಂತ ಬರೀಬೇಕಿತ್ತು" ಅಂದರು. ಇಂಥ ಜಗಳ ಆಡಿದರೆ ಮ್ಯಾಟ್ ತಾನಾಗಿ ಬರುತ್ತೆ ಅಂತ ನನ್ನ ಅಭಿಪ್ರಾಯ.

ಪರೀಕ್ಷೆಯ ದಿನದ ಬಗ್ಗೆ ಎರಡೇ ಮಾತು. ಉತ್ತರವನ್ನು ಒ.ಎಂ.ಆರ್. ಎಂಬ ಹಾಳೆಯಲ್ಲಿ ಸಣ್ಣ ಸೊನ್ನೆಗಳನ್ನು ಪೆನ್ನಿನಿಂದ ತುಂಬಿ ಗುರುತಿಸಬೇಕು. ಅಕ್ಕ 41ನೆಯ ಪ್ರಶ್ನೆ ಬರದೆ ಬಿಟ್ಟಳು, ಆದರೆ ಹಾಳೆಯಲ್ಲಿ 41ರ ಜಾಗ ಬಿಡುವುದನ್ನು ಮರೆತು 42ರ ಉತ್ತರವನ್ನು ಅಲ್ಲಿ ತುಂಬಿದಳು. ಪುಣ್ಯಕ್ಕೆ ಮುಂದಿನದಕ್ಕೇ ಗೊತ್ತಾಯಿತು, ಒಂದು ಅಂಕಕ್ಕೆ ಹೋಯಿತು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಕೊನೆಯಲ್ಲಿ ಯಾವುದನ್ನೂ ಖಾಲಿ ಬಿಡಬಾರದು.

ಅಕ್ಕ ಪಾಸಾದಳು. ಪಟ್ಟಿಯಲ್ಲೂ ಅವಳ ಹೆಸರು ಬಂತು. ಆ ಸಂಜೆ ಅವ್ವ ಪಾಯಸ ಮಾಡಿದಳು. ಅಪ್ಪ 48,000 ಎಂದು ಅಡುಗೆಮನೆಯ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದರು.

ಆ ಹಣದಲ್ಲಿ ಒಂದು ರೂಪಾಯಿಯೂ ಬರಲಿಲ್ಲ.

ಕಾರಣ ಕೇಳಿದರೆ ನಿಮಗೆ ನಗು ಬರಬಹುದು. ಅಕ್ಕ ಚಿಕ್ಕವಳಿದ್ದಾಗ ಆಧಾರ್ ಮಾಡಿಸಲು ಅವಳನ್ನು ಕರೆದುಕೊಂಡು ಹೋದದ್ದು ನಮ್ಮಜ್ಜಿ. ಹೆಸರೇನು ಅಂದಾಗ ಅಜ್ಜಿ ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿದಳು. ಆಧಾರಿನಲ್ಲಿ ಪುಟ್ಟಮ್ಮ ಎಂದಾಯಿತು. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರು, ಅದರ ಹಿಂದೆ ಅಪ್ಪನ ಹೆಸರಿನ ಮೊದಲ ಅಕ್ಷರ. ಪರೀಕ್ಷೆ ಪಾಸಾದರೆ ಸಾಲದು, 9ನೆಯ ತರಗತಿಯಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಇನ್ನೊಮ್ಮೆ ಅರ್ಜಿ ತುಂಬಬೇಕು. ಹಣ ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಬರುತ್ತದೆ. ಆಧಾರ್, ಶಾಲೆಯ ದಾಖಲೆ, ಬ್ಯಾಂಕ್ ಪುಸ್ತಕ, ಮೂರರಲ್ಲೂ ಹೆಸರು ಒಂದೇ ಇರಬೇಕು. ಅಕ್ಕನದು ಮೂರು ಕಡೆ ಮೂರು ಥರ ಇತ್ತು. ಸರಿಪಡಿಸಲು ಅಪ್ಪ ಕೂಲಿ ಬಿಟ್ಟು ನಾಲ್ಕು ದಿನ ತಾಲ್ಲೂಕಿಗೆ ಹೋದರು. ಒಂದು ದಿನ ಕರೆಂಟ್ ಇಲ್ಲ, ಒಂದು ದಿನ ಜನ ಹೆಚ್ಚು, ಒಂದು ದಿನ ಜನನ ಪ್ರಮಾಣ ಪತ್ರ ತನ್ನಿ ಅಂದರು. ತಿದ್ದುಪಡಿ ಆಗಿ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನಾಂಕ ಮುಗಿದಿತ್ತು. ಅಜ್ಜಿ ಬಹಳ ಅತ್ತಳು. ಅವಳದೇನು ತಪ್ಪು? ಅವಳಿಗೆ ಅಕ್ಕ ಪುಟ್ಟಮ್ಮನೇ. ಗೋಡೆಯ ಮೇಲಿದ್ದ ಸಂಖ್ಯೆಯನ್ನು ಅಪ್ಪ ಯಾವಾಗ ಅಳಿಸಿದರೋ ನಮಗೆ ಗೊತ್ತಿಲ್ಲ, ಒಂದು ಬೆಳಿಗ್ಗೆ ನೋಡಿದರೆ ಅಲ್ಲಿ ಸುಣ್ಣ ಬಳಿದಿತ್ತು.

ಅದಕ್ಕೇ ನಾನು ಹೇಳುವುದು, ಅರ್ಜಿ ಎಂಟರಲ್ಲಿ ತುಂಬುತ್ತೇವೆ, ಆದರೆ ಕಾಗದ ಏಳರಲ್ಲೇ ಸರಿ ಮಾಡಿಕೊಳ್ಳಬೇಕು. ಇವತ್ತು ಮನೆಗೆ ಹೋಗಿ ಆಧಾರ್ ಕಾರ್ಡ್ ತೆಗೆಯಿರಿ. ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನಾಂಕ ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೇಗಿದೆ ಎಂದು ನೋಡಿ ಹೇಳಲು ಹೆಡ್ ಮೇಷ್ಟ್ರು ಒಪ್ಪಿದ್ದಾರೆ. ನಾನು ಹೋದ ವಾರ ನೋಡಿಸಿದೆ. ಇಷ್ಟೆಲ್ಲಾ ಗೊತ್ತಿದ್ದೂ ನನ್ನ ಹುಟ್ಟಿದ ತಿಂಗಳೇ ತಪ್ಪಿದೆ! ಆಧಾರಿನಲ್ಲಿ ಜೂನ್, ಶಾಲೆಯಲ್ಲಿ ಜುಲೈ. ಬುಧವಾರ ಅಪ್ಪ ನನ್ನನ್ನು ತಾಲ್ಲೂಕಿಗೆ ಕರೆದುಕೊಂಡು ಹೋಗುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಮನೆಯಲ್ಲಿ ಹಳೆಯದು ಇದ್ದರೆ ಎಲ್ಲಿಯವರೆಗೆ ಚಾಲ್ತಿ ಎಂದು ಅದರಲ್ಲೇ ಬರೆದಿರುತ್ತದೆ, ನೋಡಿಕೊಳ್ಳಿ. ಬ್ಯಾಂಕ್ ಖಾತೆ ನಮ್ಮ ಹೆಸರಿನಲ್ಲಿ ಇರಬೇಕು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ಪ್ರತಿ ವರ್ಷ ನವೀಕರಣವನ್ನೂ ಮಾಡಿಸಬೇಕು. 10ನೆಯ ತರಗತಿಯಲ್ಲಿ ಶೇಕಡಾ 60 ಬಂದರೆ ಮಾತ್ರ ಪಿ.ಯು.ಸಿ.ಗೆ ಹಣ ಮುಂದುವರಿಯುತ್ತದೆ, ಪರಿಶಿಷ್ಟರಿಗೆ ಶೇಕಡಾ 5 ವಿನಾಯಿತಿ ಇದೆ.

ಈ ಪರೀಕ್ಷೆಯಲ್ಲಿ ಸಂದರ್ಶನ ಇಲ್ಲ. ಆದರೆ ಸಂದರ್ಶನ ಇರುವ ವಿದ್ಯಾರ್ಥಿವೇತನಗಳೂ ಇವೆ, ಮುಂದೆ ನಮಗೆ ಅದೂ ಬರಬಹುದು. ಹೆಡ್ ಮೇಷ್ಟ್ರು ಹಳೆಯ ಸಂಗತಿಯೊಂದನ್ನು ಹೇಳಿದರು. 1963ರಲ್ಲಿ ದೆಹಲಿಯಲ್ಲಿ ಕೇವಲ 10 ವಿದ್ಯಾರ್ಥಿವೇತನಗಳಿಂದ ವಿಜ್ಞಾನ ಪ್ರತಿಭಾ ಶೋಧ ಎಂಬುದು ಪ್ರಾರಂಭವಾಯಿತಂತೆ. 1964ರಲ್ಲಿ ಅದು ದೇಶಕ್ಕೆಲ್ಲ ಬಂದು 350 ಆಯಿತು. ಪರೀಕ್ಷೆ ಬರೆಯಬೇಕು, ವಿಜ್ಞಾನದ ಪ್ರಬಂಧ ಬರೆಯಬೇಕು, ತಾನೇ ಮಾಡಿದ ಒಂದು ಯೋಜನೆಯ ವರದಿ ಕೊಡಬೇಕು, ಆಮೇಲೆ ಎದುರು ಕೂರಿಸಿ ಸಂದರ್ಶನ. 1976ರಲ್ಲಿ ಸಮಾಜ ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯಗಳನ್ನೂ ಸೇರಿಸಿ 500 ಮಾಡಿದರು. ಮ್ಯಾಟ್ ಮತ್ತು ಸ್ಯಾಟ್ ಎಂಬ ಎರಡು ಪರೀಕ್ಷೆ ಅದರೊಳಗೆ ಬಂದದ್ದು ಆಗಲೇ. ಆ ಪರೀಕ್ಷೆ 2021ರ ನಂತರ ನಿಂತುಹೋಗಿದೆ. ಆದರೆ ಮ್ಯಾಟ್, ಸ್ಯಾಟ್ ಹೆಸರುಗಳು ನಮ್ಮ ಪರೀಕ್ಷೆಯಲ್ಲಿ ಇನ್ನೂ ಇವೆ.

ಅಕ್ಕ ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡಾ 86 ತೆಗೆದಳು. ಪಿ.ಯು.ಸಿ. ಓದಲು ಒಂದು ದತ್ತಿ ಸಂಸ್ಥೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು. ಈ ಸಲ ಕಾಗದಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವಳೇ ಜೋಡಿಸಿ, ಒಂದೊಂದನ್ನೂ ಮೂರು ಜೆರಾಕ್ಸ್ ಮಾಡಿಸಿ, ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಳು. ಲಿಖಿತ ಪರೀಕ್ಷೆ ಆಯಿತು. ಸಂದರ್ಶನಕ್ಕೆ ಜಿಲ್ಲಾ ಕೇಂದ್ರಕ್ಕೆ ಬರಬೇಕೆಂದು ಫೋನ್ ಬಂತು. ಅಪ್ಪ, ಅಕ್ಕ, ಜೊತೆಗೆ ಹಟ ಮಾಡಿ ನಾನು, ಮೂವರೂ ಬೆಳಗಿನ ಮೊದಲ ಬಸ್ಸಿಗೆ ಹೋದೆವು.

ಅಕ್ಕನಿಗೆ ಊರಿನಲ್ಲಿ ಬಹಳ ಜನ ಬುದ್ಧಿ ಹೇಳಿದ್ದರು. ಒಬ್ಬರು ಇಂಗ್ಲಿಷಿನಲ್ಲಿ ಹದಿನೈದು ಸಾಲು ಬರೆದುಕೊಟ್ಟು ಬಾಯಿಪಾಠ ಮಾಡು ಅಂದಿದ್ದರು. ಇನ್ನೊಬ್ಬರು "ಕೂಲಿಗೆ ಹೋಗ್ತೀನಿ ಅಂತ ಮಾತ್ರ ಹೇಳಬೇಡ, ಓದೋ ಹುಡುಗಿ ಅಲ್ಲ ಅಂದ್ಕೋತಾರೆ" ಅಂದಿದ್ದರು. ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಮುಖ ಮಾಡಿ ಹದಿನೈದು ಸಾಲನ್ನು ಹೇಳಿಕೊಳ್ಳುತ್ತಲೇ ಇದ್ದಳು. ನನಗೂ ಬಾಯಿಗೆ ಬಂದುಬಿಟ್ಟಿತು.

ಅಲ್ಲಿ ವರಾಂಡದಲ್ಲಿ ತುಂಬ ಮಕ್ಕಳಿದ್ದರು. ಕೆಲವರು ಬೂಟು ಹಾಕಿದ್ದರು. ಅಕ್ಕ ತನ್ನ ಚಪ್ಪಲಿಯನ್ನು ಬೆಂಚಿನ ಕೆಳಗೆ ಹಿಂದಕ್ಕೆ ಎಳೆದುಕೊಂಡು ಕೂತಳು. ಒಳಗೆ ನಡೆದದ್ದನ್ನು ನಾನು ನೋಡಲಿಲ್ಲ. ವಾಪಸ್ ಬರುವಾಗ ಅಕ್ಕ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ಮೇಜಿನ ಆ ಕಡೆ ಮೂವರು ಕೂತಿದ್ದರಂತೆ, ಇಬ್ಬರು ಗಂಡಸರು, ಒಬ್ಬರು ಮೇಡಂ. ಅಕ್ಕ ನಮಸ್ಕಾರ ಹೇಳಿ ಹದಿನೈದು ಸಾಲು ಶುರು ಮಾಡಿದಳು. ಆರನೆಯ ಸಾಲಿಗೆ ನಿಂತುಹೋಯಿತು. ಏಳನೆಯದು ನೆನಪಾಗುತ್ತದೆ, ಆರನೆಯದು ಬರುತ್ತಿಲ್ಲ. ಕೈ ಬೆವತುಹೋಯಿತು. ಆಗ ಮೇಡಂ, "ಕೂತ್ಕೊಳಮ್ಮ, ನೀರು ಕುಡಿ. ಕನ್ನಡದಲ್ಲೇ ಮಾತಾಡು, ಏನೂ ತೊಂದರೆ ಇಲ್ಲ" ಅಂದರಂತೆ.

ಅವರಲ್ಲಿ ಒಬ್ಬರು ಅಂಕಪಟ್ಟಿಗಳನ್ನು ತಿರುಗಿಸಿ ನೋಡಿ, "ಒಂಬತ್ತನೇ ಕ್ಲಾಸಲ್ಲಿ ಅರ್ಧವಾರ್ಷಿಕದಲ್ಲಿ ಗಣಿತ ಇಷ್ಟು ಕಡಿಮೆ ಯಾಕಮ್ಮ?" ಎಂದು ಕೇಳಿದರು. ಅಕ್ಕನಿಗೆ ಊರಿನವರ ಮಾತು ನೆನಪಾಯಿತು. ಜ್ವರ ಬಂದಿತ್ತು ಅಂತ ಹೇಳೋಣ ಅಂದುಕೊಂಡಳಂತೆ. ಆದರೆ ಬಾಯಿಗೆ ಬಂದದ್ದು ನಿಜವೇ. "ಸರ್, ಆಗ ನಮ್ಮವ್ವನಿಗೆ ಹುಷಾರಿರಲಿಲ್ಲ. ಕಡ್ಲೆಕಾಯಿ ಬಿಡಿಸೋ ಕಾಲ. ಅವ್ವನ ಬದಲು ನಾನು ಕೂಲಿಗೆ ಹೋದೆ. ಹದಿನೆಂಟು ದಿನ ಸ್ಕೂಲಿಗೆ ಹೋಗಲಿಲ್ಲ, ಆ ಪಾಠ ಹೋಯಿತು" ಅಂದಳು. ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ. ಕೆಲಸ ಕೆಟ್ಟಿತು ಎಂದು ಅಕ್ಕ ಅಂದುಕೊಂಡಳು.

ಆಮೇಲೆ ಅದೇ ಸರ್, "ವಿಜ್ಞಾನ ತಗೋಬೇಕು ಅಂತೀಯ. ಹಾಗಾದ್ರೆ ಹೇಳು, ಕಡ್ಲೆಕಾಯಿ ನೆಲದೊಳಗೆ ಇರುತ್ತಲ್ಲ, ಅದು ಬೇರಾ, ಕಾಯಾ?" ಅಂತ ಕೇಳಿದರು. ಅಕ್ಕನಿಗೆ ಆಗ ಭಯ ಬಿಟ್ಟುಹೋಯಿತಂತೆ. ಕಾಯಿ ಸರ್, ಹಳದಿ ಹೂವು ನೆಲದ ಮೇಲೇ ಬಿಡುತ್ತೆ, ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿ ಥರ ಒಂದು ಕಡ್ಡಿ ಹೊರಟು ಕೆಳಕ್ಕೆ ಬಾಗಿ ಮಣ್ಣಿಗೆ ಇಳಿಯುತ್ತೆ, ಅದರ ತುದಿ ಒಳಗೆ ಊದಿಕೊಂಡು ಕಾಯಾಗುತ್ತೆ, ಬೇರಿನಲ್ಲಿ ಇರೋದು ಸಣ್ಣ ಗಂಟುಗಳು, ಅದರಲ್ಲಿ ರೈಜೋಬಿಯಂ ಇರುತ್ತೆ, ಅದು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತೆ ಎಂದು ಒಂದೇ ಉಸಿರಿಗೆ ಹೇಳಿದಳು. "ಆ ಕಡ್ಡಿ ಮಣ್ಣಿಗೆ ಇಳೀದೆ ಹೊರಗೇ ಉಳಿದರೆ ಯಾಕೆ ಕಾಯಿ ಕಟ್ಟಲ್ಲ?" ಎಂದರು. "ಕಾರಣ ಗೊತ್ತಿಲ್ಲ ಸರ್. ಆದರೆ ಮಳೆ ಹೋಗಿ ನೆಲ ಗಟ್ಟಿಯಾದ ವರ್ಷ ಅದು ಇಳಿಯೋಕೆ ಆಗಲ್ಲ, ಆ ವರ್ಷ ಗಿಡ ಹಸಿರಾಗಿದ್ರೂ ಕಾಯಿ ಇರಲ್ಲ, ಅದನ್ನ ನೋಡಿದೀನಿ" ಅಂದಳು. ಅವರು ಅದನ್ನು ಬರೆದುಕೊಂಡರಂತೆ. ಕಾಯಿ ಬಲಿಯಲು ಕತ್ತಲೆ ಬೇಕು, ಬೆಳಕು ಬಿದ್ದರೆ ಆ ಕಡ್ಡಿಯ ತುದಿ ಊದುವುದಿಲ್ಲ ಎಂದು ಮೇಡಂ ವಿವರಿಸಿದರು. ಅದು ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿ ಎಂದು ಬರೆದೆ.

ಕೊನೆಗೆ "ಈ ಹಣ ಬರದಿದ್ರೆ ಏನು ಮಾಡ್ತೀಯ?" ಅಂದರು. ಅಕ್ಕ, "ಓದ್ತೀನಿ ಸರ್, ಆದರೆ ಕಾಯಿ ಬಿಡಿಸೋ ಕಾಲದಲ್ಲಿ ಮತ್ತೆ ಪಾಠ ಹೋಗುತ್ತೆ" ಅಂದಳು. ಅಷ್ಟೇ ಸಂದರ್ಶನ. ಹನ್ನೆರಡು ನಿಮಿಷ. ಹೊರಗೆ ಬಂದು ಅಪ್ಪನ ಹತ್ತಿರ "ಕೂಲಿ ವಿಷಯ ಹೇಳಿಬಿಟ್ಟೆ ಅಪ್ಪ" ಎಂದು ತಲೆ ತಗ್ಗಿಸಿದಳು. ಅಪ್ಪ "ಸುಳ್ಳೇನಲ್ಲವಲ್ಲ" ಎಂದು ಹೇಳಿ ನಮಗೆ ಬಸ್ ಸ್ಟ್ಯಾಂಡಿನಲ್ಲಿ ತಲಾ ಒಂದು ಮಸಾಲೆ ದೋಸೆ ಕೊಡಿಸಿದರು, ತಾವು ಟೀ ಕುಡಿದರು.

ಒಂದು ತಿಂಗಳ ಮೇಲೆ ಆಯ್ಕೆಯಾಗಿದೆ ಎಂದು ತಿಳಿಯಿತು. ಅಕ್ಕ ಈಗ ಪ್ರಥಮ ಪಿ.ಯು.ಸಿ. ವಿಜ್ಞಾನ. ಈ ವರ್ಷ ಕಾಯಿ ಬಿಡಿಸಲು ಭಾನುವಾರ ಮಾತ್ರ ಹೋದಳು.

ನಮ್ಮ ತರಗತಿಯಲ್ಲಿ ಒಬ್ಬಳಿದ್ದಾಳೆ, ಹೆಸರು ಬರೆಯುವುದಿಲ್ಲ. ಹೈಸ್ಕೂಲು ಆರು ಕಿಲೋಮೀಟರ್ ದೂರ, ಏಳಕ್ಕೇ ಸಾಕು ಎಂದು ಅವಳ ಮನೆಯಲ್ಲಿ ಹೇಳಿದ್ದಾರೆ. ಕನ್ನಡಿಯ ಗಡಿಯಾರದ ಉಪಾಯವನ್ನು ನಮಗೆಲ್ಲ ಮೊದಲು ಕಂಡುಹಿಡಿದು ತೋರಿಸಿದವಳು ಅವಳೇ. ಪುಸ್ತಕ ನೋಡಿ ಅಲ್ಲ, ತಾನಾಗಿ. ಅವಳು ಶನಿವಾರ ಕೈ ಎತ್ತಲಿಲ್ಲ. ತಿಂಗಳಿಗೆ 1,000 ರೂಪಾಯಿಯ ವಿಷಯವನ್ನು ಅವಳ ಮನೆಗೆ ಹೋಗಿ ಹೇಳಿ ಎಂದು ಮೇಷ್ಟ್ರನ್ನು ಈ ಲೇಖನದ ಮೂಲಕ ಕೇಳಿಕೊಳ್ಳುತ್ತೇನೆ. ನಾವು ಹೇಳಿದರೆ ಅವರು ಕೇಳುವುದಿಲ್ಲ, ಮೇಷ್ಟ್ರು ಹೇಳಿದರೆ ಕೇಳಬಹುದು. ಅವಳ ಆಧಾರ್ ಕಾರ್ಡನ್ನು ನಾನು ನೋಡಿದ್ದೇನೆ, ಹೆಸರು, ದಿನಾಂಕ ಎಲ್ಲಾ ಸರಿಯಾಗಿದೆ.

ಇನ್ನು ಬರೆಯಲು ಜಾಗ ಇಲ್ಲ. ಕೆಳಗೆ ಮೂರು ಪ್ರಶ್ನೆ ಕೊಟ್ಟಿದ್ದೇನೆ. ಉತ್ತರವನ್ನು ಚೀಟಿಯಲ್ಲಿ ಹೆಸರು ಸಮೇತ ಬರೆದು ಹಲಗೆಯ ಪಕ್ಕದಲ್ಲಿರುವ ಸೀಮೆಸುಣ್ಣದ ಡಬ್ಬಿಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

1. 2, 6, 12, 20, 30, ?

2. ಗಡಿಯಾರದಲ್ಲಿ 4 ಗಂಟೆ 45 ನಿಮಿಷ. ಕನ್ನಡಿಯಲ್ಲಿ ಎಷ್ಟು?

3. ಒಬ್ಬಳು ಮನೆಯಿಂದ ಹೊರಟು ಪೂರ್ವಕ್ಕೆ 6 ಕಿಲೋಮೀಟರ್ ನಡೆದು, ಬಲಕ್ಕೆ ತಿರುಗಿ 8 ಕಿಲೋಮೀಟರ್ ನಡೆದರೆ, ಈಗ ಅವಳು ಮನೆಯಿಂದ ನೇರವಾಗಿ ಎಷ್ಟು ದೂರದಲ್ಲಿದ್ದಾಳೆ? ಯಾವ ದಿಕ್ಕಿಗೆ ಮುಖ ಮಾಡಿದ್ದಾಳೆ?